ಬಂದು ಹೋಗುವವರ ಕೆಲಸ

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯದೆ ಹತ್ತನೆಯ ತರಗತಿಯನ್ನು ದಾಟಿದವರು ನಮ್ಮಲ್ಲಿ ವಿರಳ. ನಾನು ವಿಜ್ಞಾನದ ಅಧ್ಯಾಪಕನಾದರೂ ಪರೀಕ್ಷಾ ಕೊಠಡಿಗಳಲ್ಲಿ ಮೇಲ್ವಿಚಾರಣೆ ಮಾಡುತ್ತ ಮಕ್ಕಳ ಹೆಗಲ ಮೇಲಿನಿಂದ ಅಂಥ ಎಷ್ಟೋ ವಿಸ್ತರಣೆಗಳನ್ನು ಓದಿದ್ದೇನೆ. ಸುತ್ತುವವನಿಗೆ ಅನುಭವ ಬರುತ್ತದೆ, ಲೋಕಜ್ಞಾನ ಬೆಳೆಯುತ್ತದೆ, ಸಂಕುಚಿತ ಭಾವ ಅಳಿಯುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಆದರೆ ಅವನು ಸುತ್ತಿದ ದೇಶಕ್ಕೆ ಏನು ಲಾಭವಾಯಿತು ಎಂದು ಬರೆದ ಒಂದು ಉತ್ತರವನ್ನೂ ನಾನು ಕಂಡಿಲ್ಲ. ಈ ಎರಡನೆಯ ಪ್ರಶ್ನೆ ನನ್ನ ತಲೆಯನ್ನು ಹೊಕ್ಕದ್ದು ಇತ್ತೀಚೆಗೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪತ್ರದಿಂದ.

ಅವನ ಹೆಸರು ಇಲ್ಲಿ ಬೇಡ. ಎಂಟರಿಂದ ಹತ್ತನೆಯ ತರಗತಿಯವರೆಗೆ ನನ್ನಲ್ಲಿ ವಿಜ್ಞಾನ ಓದಿದವನು, ಈಗ ನಲವತ್ತೈದು ದಾಟಿದವನು ಎಂದರೆ ಸಾಕು. ಉದ್ಯೋಗದಿಂದ ಅವನು ಪ್ರಾಜೆಕ್ಟ್ ಕನ್ಸಲ್ಟೆಂಟ್. ಕಾರ್ಖಾನೆಗಳ ಖರೀದಿ, ದಾಸ್ತಾನು, ಸಂಬಳ, ಲೆಕ್ಕಪತ್ರ ಇವನ್ನೆಲ್ಲ ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ಹೊಂದಿಸಿ, ಅಲ್ಲಿಯವರಿಗೆ ಕಲಿಸಿ, ಮುಂದಿನ ಊರಿಗೆ ಹೊರಡುವುದು ಅವನ ಕೆಲಸ. ಸೋಮವಾರ ಕೋಳಿ ಕೂಗುವ ಮೊದಲೇ ಮನೆ ಬಿಟ್ಟರೆ ಶುಕ್ರವಾರ ನಡುರಾತ್ರಿ ಹಿಂದಿರುಗುವುದು. ದೂರದ ಊರಾದರೆ ತಿಂಗಳಿಗೊಮ್ಮೆ. ಹೆಂಡತಿ, ಮಗಳು ಮೈಸೂರಿನಲ್ಲಿದ್ದಾರೆ. ಕಳೆದ ಆಗಸ್ಟ್ ತಿಂಗಳ ಕೊನೆಯಲ್ಲಿ ಅವನು ಬರೆದಿದ್ದ ಪತ್ರದ ಒಂದು ಭಾಗವನ್ನು ಅವನ ಒಪ್ಪಿಗೆಯಿಂದಲೇ ಇಲ್ಲಿ ಕೊಡುತ್ತಿದ್ದೇನೆ.

“ಸರ್, ಇಪ್ಪತ್ತು ವರ್ಷಗಳಲ್ಲಿ ಹದಿನೇಳು ಊರುಗಳಲ್ಲಿ ಕೆಲಸ ಮುಗಿಸಿದ್ದೇನೆ. ಇದು ನನ್ನದು ಎಂದು ಬೆರಳಿಟ್ಟು ತೋರಿಸಲು ಒಂದು ಊರಿನಲ್ಲೂ ಏನೂ ಇಲ್ಲ. ಒಂದು ಕಾರ್ಖಾನೆಯಲ್ಲಿ ನಾವು ಹೊರಟ ಎಂಟೇ ತಿಂಗಳಿಗೆ ಉಗ್ರಾಣದವರು ಮತ್ತೆ ಹಳೆಯ ರಿಜಿಸ್ಟರ್ ತೆರೆದರಂತೆ. ಮೊನ್ನೆ ಮಗಳಿಗೆ ಶಾಲೆಯಲ್ಲಿ ‘ನನ್ನ ತಂದೆಯ ಉದ್ಯೋಗ’ ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆಯಲು ಹೇಳಿದ್ದರು. ‘ನಮ್ಮ ತಂದೆ ಊರಿಗೆ ಹೋಗುತ್ತಾರೆ. ಊರಿನಿಂದ ಬರುತ್ತಾರೆ.’ ಇಷ್ಟು ಬರೆದು ಪೆನ್ಸಿಲ್ ಕೆಳಗಿಟ್ಟಿದ್ದಾಳೆ. ಮೈಸೂರಿನಲ್ಲಿಯೇ ಒಂದು ಕೆಲಸ ಸಿಗುವಂತಿದೆ, ಸಂಬಳ ಕಡಿಮೆ. ಒಂದು ತಿಂಗಳಲ್ಲಿ ಉತ್ತರ ಹೇಳಬೇಕು. ಏನು ಮಾಡಲಿ?”

ಕಂಪ್ಯೂಟರ್ ವ್ಯವಸ್ಥೆಯ ಒಳಗುಟ್ಟು ನನಗೆ ತಿಳಿಯದು. ಆದರೆ ಊರೂರು ತಿರುಗಿ ಸಲಹೆ ಹೇಳುವ ಕೆಲಸವನ್ನು ಜೀವಮಾನವಿಡೀ ಮಾಡಿದ ಒಬ್ಬರನ್ನು ನಾನೂ ಬಲ್ಲೆ, ನನ್ನ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಸೆಪ್ಟೆಂಬರ್ 15, ಎಂಜಿನಿಯರುಗಳ ದಿನ, ಹತ್ತಿರದಲ್ಲಿಯೇ ಇತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1951ರಲ್ಲಿ ಪ್ರಕಟಿಸಿದ ‘ಮೆಮೊಯಿರ್ಸ್ ಆಫ್ ಮೈ ವರ್ಕಿಂಗ್ ಲೈಫ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಕಪಾಟಿನಿಂದ ತೆಗೆದು ಮತ್ತೊಮ್ಮೆ ಓದಿದೆ. ರೈಲು ಹಳಿಯ ಬಿರುಕು, ಎರಡು ಮೇಣದ ಬತ್ತಿಗಳು ಮುಂತಾದ ಕಥೆಗಳನ್ನು ನಾವೆಲ್ಲ ಶಾಲಾ ಸಮಾರಂಭಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಅವು ಇಲ್ಲಿ ಬೇಡ. ನಾನು ಈ ಬಾರಿ ಹುಡುಕಿದ್ದು ಒಂದೇ ಸಂಗತಿಯನ್ನು: ಬಂದು ಹೋಗುವ ಮನುಷ್ಯ ತಾನು ಹೋದ ಮೇಲೆ ಉಳಿಯುವಂತೆ ಕೆಲಸ ಮಾಡುವುದು ಹೇಗೆ? ವಿದ್ಯಾರ್ಥಿಗೆ ಬರೆದ ಉತ್ತರವನ್ನೇ ಇಲ್ಲಿ ಕೊಂಚ ವಿಸ್ತರಿಸಿದ್ದೇನೆ.

ಸರ್ ಎಂ.ವಿ. ಎಂದೊಡನೆ ನಮಗೆ ಕನ್ನಂಬಾಡಿ ನೆನಪಾಗುತ್ತದೆ. ಆದರೆ 1909ರ ನವೆಂಬರಿನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗುವ ಮೊದಲು ಅವರು ಕಾಲು ಶತಮಾನ ಪರಸ್ಥಳಗಳಲ್ಲಿಯೇ ದುಡಿದಿದ್ದರು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು. ನಾಸಿಕ, ಖಾನ್‌ದೇಶ, ಸಿಂಧ್ ಪ್ರಾಂತದ ಸುಕ್ಕೂರು, ಸೂರತ್, ಪುಣೆ ಹೀಗೆ ಅವರ ಪ್ರಯಾಣ ಸಾಗಿತು. 1906ರಲ್ಲಿ ಸಮುದ್ರ ದಾಟಿ ಏಡನ್ನಿಗೂ ಹೋದರು. ಭಾರತದ ಭೂಪಟವಷ್ಟೇ ಅವರ ಪ್ರಯಾಣಗಳಿಗೆ ಇಂದು ಸಾಲದು. ಸುಕ್ಕೂರು ಈಗ ಪಾಕಿಸ್ತಾನದಲ್ಲಿದೆ, ಏಡನ್ ಯೆಮನ್ನಿನಲ್ಲಿದೆ.

ಮೊದಲು ಸುಕ್ಕೂರನ್ನೇ ನೋಡೋಣ. 1890ರ ದಶಕದ ಮಧ್ಯಭಾಗದಲ್ಲಿ ಆ ಊರಿಗೆ ಕುಡಿಯುವ ನೀರು ಒದಗಿಸುವ ಹೊಣೆ ಅವರ ಪಾಲಿಗೆ ಬಂತು. ಪಕ್ಕದಲ್ಲಿಯೇ ಸಿಂಧೂ ನದಿ ಹರಿಯುತ್ತದೆ, ಆದರೆ ನೀರು ಕೆಸರು. ಅದನ್ನು ಸೋಸಲು ದೊಡ್ಡ ಶೋಧಕ ತೊಟ್ಟಿಗಳು ಬೇಕು. ಅವುಗಳಿಗೆ ನಗರಸಭೆಯ ಬಳಿ ಹಣವಿಲ್ಲ. ಹಣ ಬಂದಾಗ ಹೇಳಿ ಕಳುಹಿಸಿ ಎಂದು ವರದಿ ಬರೆದು ಹೊರಡಬಹುದಿತ್ತು. ಅವರು ನದಿಯ ಪಾತ್ರವನ್ನೇ ನೋಡಿದರು. ದಡದ ಸಮೀಪ ಪಾತ್ರದಲ್ಲಿಯೇ ಬಾವಿ ತೋಡಿಸಿದರು. ನದಿಯ ಮರಳಿನ ಮೂಲಕ ಜಿನುಗಿ ಬರುವ ನೀರು ತಾನಾಗಿಯೇ ಸೋಸಿಕೊಂಡು ಬಾವಿಯಲ್ಲಿ ತುಂಬಿತು. ಅದನ್ನು ಪಂಪಿನಿಂದ ಎತ್ತರಕ್ಕೇರಿಸಿ ಊರಿಗೆ ಹಂಚಿದರು. ಗಾಜಿನ ಆಲಿಕೆಯಲ್ಲಿ ಮರಳು, ಜಲ್ಲಿ, ಇದ್ದಿಲು ತುಂಬಿ ನಾವು ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸುತ್ತಿದ್ದುದೂ ಇದನ್ನೇ. ಶೋಧಕ ಆ ಊರಿನಲ್ಲಿಯೇ ಬಿದ್ದಿತ್ತು, ಅದನ್ನು ಗುರುತಿಸುವ ಕಣ್ಣು ಹೊರಗಿನಿಂದ ಬಂತು.

ಏಡನ್ನಿನಲ್ಲಿಯೂ ಹೀಗೆಯೇ. ಮಳೆಯೇ ಅಪರೂಪವಾದ ಆ ಬಂದರಿನಲ್ಲಿ ಸಮುದ್ರದ ನೀರನ್ನು ಆವಿ ಮಾಡಿ ಕುಡಿಯುತ್ತಿದ್ದರು. ಸರ್ ಎಂ.ವಿ. ಬಂದರಿನ ಉತ್ತರಕ್ಕಿರುವ ಒಳನಾಡನ್ನು ಪರಿಶೀಲಿಸಿ, ಗುಡ್ಡಗಳ ಮೇಲೆ ಬಿದ್ದ ಮಳೆ ನದಿಯ ಮರಳಿನೊಳಗೆ ಇಂಗಿ ಹರಿಯುವುದನ್ನು ಗಮನಿಸಿ, ಆ ಮರಳಿನಲ್ಲಿ ಬಾವಿಗಳನ್ನು ತೋಡುವ ಸಲಹೆ ಕೊಟ್ಟರು. ಉತ್ತರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗುವ ಸಲಹೆಗಾರ ಬೇರೆ, ಉತ್ತರವನ್ನು ಅಲ್ಲಿಯೇ ಹುಡುಕುವ ಸಲಹೆಗಾರ ಬೇರೆ. ಮೊದಲನೆಯವನು ಹೊರಟಾಗ ಅವನ ಉತ್ತರವೂ ಅವನ ಜೊತೆಗೆ ಹೊರಟುಬಿಡುತ್ತದೆ. ಹಳೆಯ ರಿಜಿಸ್ಟರ್ ತೆರೆದ ಆ ಕಾರ್ಖಾನೆಯ ಉಗ್ರಾಣದವರು ರಿಜಿಸ್ಟರಿನಲ್ಲಿ ಯಾವ ಅನುಕೂಲ ಕಂಡಿದ್ದರು ಎಂದು ಯಾರಾದರೂ ಅವರನ್ನು ಕೇಳಿದ್ದರೇ ಎಂದು ನನ್ನ ವಿದ್ಯಾರ್ಥಿಯನ್ನು ವಿಚಾರಿಸಿದೆ.

ಎರಡನೆಯದು ಅವಸರದ ಮಾತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರವನ್ನು ಕೊಚ್ಚಿತು. ಸಾವಿರಾರು ಜನ ಸತ್ತರು. ಆಗ ಸರ್ ಎಂ.ವಿ. ಮುಂಬಯಿ ಸೇವೆಯಿಂದ ಬಿಡುಗಡೆ ಪಡೆದು ವಿದೇಶ ಪ್ರವಾಸದಲ್ಲಿದ್ದರು. ನಿಜಾಮ್ ಸರ್ಕಾರದ ಕರೆ ಇಟಲಿಯಲ್ಲಿದ್ದ ಅವರನ್ನು ತಲಪಿತು. ಅವರು ಒಪ್ಪಿದರು, ಆದರೆ ಕೈಗೊಂಡ ಅಧ್ಯಯನ ಪ್ರವಾಸವನ್ನು ಮುಗಿಸಿಯೇ 1909ರ ಏಪ್ರಿಲಿನಲ್ಲಿ ಹೈದರಾಬಾದಿಗೆ ಬಂದರು. ಬಂದವರು ಮೊದಲು ಮಾಡಿದ್ದು ಎಣಿಕೆ. ಎಲ್ಲೆಲ್ಲಿ ಎಷ್ಟು ಮಳೆ ಬಿತ್ತು, ನಗರದ ಮೇಲ್ಭಾಗದ ಜಲಾನಯನದಲ್ಲಿ ಎಷ್ಟು ಕೆರೆಗಳಿದ್ದವು, ಎಷ್ಟು ಒಡೆದವು ಎಂಬ ಲೆಕ್ಕ. ಏಳುನೂರಕ್ಕೂ ಹೆಚ್ಚು ಕೆರೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದಿದ್ದವು. ಮೇಲಿನ ಕೆರೆ ಒಡೆದ ನೀರು ಕೆಳಗಿನ ಕೆರೆಯನ್ನು ಒಡೆಯುತ್ತ ಬಂದದ್ದರಿಂದ ಪ್ರವಾಹದ ಬಲ ಹೆಚ್ಚಿತ್ತು. ಈ ಲೆಕ್ಕದ ಮೇಲೆ ನಿಂತದ್ದು ಅವರ ಸಲಹೆ: ನಗರದ ಮೇಲ್ಭಾಗದಲ್ಲಿ ಮೂಸಿ ಮತ್ತು ಅದರ ಉಪನದಿ ಈಸಿಗೆ ಎರಡು ಜಲಾಶಯಗಳನ್ನು ಕಟ್ಟಿ ಪ್ರವಾಹದ ನೀರನ್ನು ಹಿಡಿದಿಟ್ಟು ಮೆಲ್ಲನೆ ಬಿಡಬೇಕು.

ಅದೇ ವರ್ಷದ ಅಕ್ಟೋಬರಿನಲ್ಲಿ ವರದಿ ಸಲ್ಲಿಸಿದರು, ನವೆಂಬರಿನಲ್ಲಿ ಮೈಸೂರಿನಲ್ಲಿದ್ದರು. ಅವರು ಹೈದರಾಬಾದಿನಲ್ಲಿದ್ದುದು ಹೆಚ್ಚೆಂದರೆ ಏಳು ತಿಂಗಳು. ನನ್ನ ವಿದ್ಯಾರ್ಥಿ ಒಂದು ಕಾರ್ಖಾನೆಯಲ್ಲಿ ಕಳೆಯುವ ಕಾಲಕ್ಕಿಂತ ಇದು ಹೆಚ್ಚಲ್ಲ! ಮೂಸಿಯ ಜಲಾಶಯ ಪೂರ್ಣವಾದದ್ದು 1920ರಲ್ಲಿ, ಈಸಿಯದು 1927ರಲ್ಲಿ. ಕಟ್ಟಿದವರು ಅಲ್ಲಿಯ ಎಂಜಿನಿಯರುಗಳು, ದುಡಿದವರು ಅಲ್ಲಿಯ ಕೂಲಿಗಳು. ಅವುಗಳ ಹೆಸರು ಉಸ್ಮಾನ್ ಸಾಗರ, ಹಿಮಾಯತ್ ಸಾಗರ; ಒಂದು ನಿಜಾಮರದು, ಇನ್ನೊಂದು ಅವರ ಮಗನದು. ನಮ್ಮ ಕನ್ನಂಬಾಡಿಯೂ ಕೃಷ್ಣರಾಜ ಸಾಗರವೇ ಅಲ್ಲವೇ? ಸಲಹೆ ಕೊಟ್ಟವನ ಹೆಸರು ನೀರಿನ ಮೇಲೆ ಬರೆಯುವಂಥದಲ್ಲ.

ನನ್ನ ವಿದ್ಯಾರ್ಥಿ ಹೈದರಾಬಾದಿನಲ್ಲಿ ಎರಡು ವರ್ಷ ಇದ್ದವನು. ಭಾನುವಾರಗಳಲ್ಲಿ ಉಸ್ಮಾನ್ ಸಾಗರಕ್ಕೆ, ಅಂದರೆ ಅಲ್ಲಿಯ ಜನ ಗಂಡಿಪೇಟೆ ಎಂದು ಕರೆಯುವ ಕೆರೆಗೆ, ಹೋಗಿ ಕುಳಿತದ್ದೂ ಉಂಟಂತೆ. ಅದರ ಹಿಂದೆ ಊರು ಬಿಟ್ಟು ಹೋದ ಕನ್ನಡಿಗನೊಬ್ಬನ ವರದಿ ಇದೆ ಎಂಬುದು ಆಗ ಅವನ ಮನಸ್ಸಿಗೆ ಬಂದಿರಲಿಲ್ಲ. “ನೀನು ತೋರಿಸಲು ಏನೂ ಇಲ್ಲ ಎಂದು ಬರೆದಿದ್ದೀಯಲ್ಲ, ಅವರಿಗಾದರೂ ಅಲ್ಲಿ ತೋರಿಸಲು ಏನಿತ್ತಪ್ಪ?” ಎಂದು ಬರೆದೆ.

ಒಳ್ಳೆಯ ಸಲಹೆಗೂ ಕಾವಲು ಬೇಕು ಎಂಬುದನ್ನೂ ಆ ನಗರವೇ ತೋರಿಸುತ್ತದೆ. 2020ರ ಅಕ್ಟೋಬರಿನಲ್ಲಿ ಭಾರಿ ಮಳೆಯಾಗಿ ಹಿಮಾಯತ್ ಸಾಗರದ ಗೇಟುಗಳನ್ನು ತೆರೆಯಬೇಕಾಯಿತು. ಮೂಸಿಯ ದಂಡೆಯ ಬಡಾವಣೆಗಳಿಗೆ ನೀರು ನುಗ್ಗಿತು. ಜಲಾಶಯ ಕಟ್ಟಿಕೊಡಬಹುದು, ನದಿಯ ಪಾತ್ರದಲ್ಲಿ ಮನೆ ಕಟ್ಟದಿರುವ ವಿವೇಕವನ್ನು ಹೊರಗಿನವನು ಕಟ್ಟಿಕೊಡಲಾರ. ಬಂದು ಹೋಗುವವನ ಹೊಣೆಗೂ ಒಂದು ಎಲ್ಲೆಯಿದೆ. ಅದರಾಚೆಯದಕ್ಕೆ ಅವನು ನಿದ್ದೆಗೆಡಬೇಕಾಗಿಲ್ಲ.

ಮೂರನೆಯದು ನನಗೆ ಬಹಳ ಪ್ರಿಯವಾದದ್ದು. ಪುಣೆಗೆ ನೀರು ಕೊಡುವ ಖಡಕ್‌ವಾಸ್ಲಾ ಜಲಾಶಯದ ಕೋಡಿಯ ಮೇಲೆ ಕಳೆದ ಶತಮಾನದ ಆರಂಭದಲ್ಲಿ ಅವರು ಸ್ವಯಂಚಾಲಿತ ಗೇಟುಗಳನ್ನು ಅಳವಡಿಸಿದರು. ನೀರಿನ ಮಟ್ಟ ಒಂದು ಹಂತ ಮೀರಿದರೆ ತೂಕ ಮತ್ತು ನೀರಿನ ಒತ್ತಡಗಳ ಹೊಂದಾಣಿಕೆಯಿಂದ ಆ ಗೇಟುಗಳು ತಾವೇ ತೆರೆಯುತ್ತವೆ; ಮಟ್ಟ ಇಳಿದರೆ ತಾವೇ ಮುಚ್ಚಿಕೊಳ್ಳುತ್ತವೆ. ನಡುರಾತ್ರಿಯ ಮಳೆಯಲ್ಲಿ ಯಾರೂ ಓಡಿ ಬರಬೇಕಾಗಿಲ್ಲ. ಹಳೆಯ ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಲು ಇದರಿಂದ ಸಾಧ್ಯವಾಯಿತು. ಈ ವಿನ್ಯಾಸಕ್ಕೆ ಅವರು ಪೇಟೆಂಟ್ ಪಡೆದರು. ಸರ್ಕಾರಿ ಸೇವೆಯಲ್ಲಿದ್ದಾಗ ರೂಪಿಸಿದ್ದೆಂದು ಸರ್ಕಾರದಿಂದ ಗೌರವಧನವನ್ನು ಮಾತ್ರ ಒಲ್ಲೆ ಎಂದರು. ನಾನು ಹೆಚ್ಚು ಕಾಲ ಚಿಂತಿಸಿದ್ದು ಅವರ ತ್ಯಾಗದ ಬಗ್ಗೆಯಲ್ಲ, ಆ ಗೇಟಿನ ಬಗ್ಗೆ. ಮಾಡಿದವನು ಬಳಿಯಲ್ಲಿಲ್ಲದಾಗಲೂ ಸಮಯಕ್ಕೆ ಸರಿಯಾಗಿ ತೆರೆಯುವುದು, ಸಮಯಕ್ಕೆ ಸರಿಯಾಗಿ ಮುಚ್ಚುವುದು. ಸುತ್ತುವ ಸಲಹೆಗಾರನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತೋಚದು. ಅಧ್ಯಾಪಕನ ಕೆಲಸಕ್ಕೂ ಅಷ್ಟೆ. ನಾವು ತರಗತಿಯಲ್ಲಿ ಇದ್ದಾಗ ಮಕ್ಕಳು ಸರಿಯುತ್ತರ ಹೇಳುವುದು ದೊಡ್ಡದಲ್ಲ.

ವಿಶೇಷವೆಂದರೆ, ಪತ್ರ ಬರೆಯುವಾಗ ನನ್ನ ವಿದ್ಯಾರ್ಥಿ ಇದ್ದದ್ದು ಮಹಾರಾಷ್ಟ್ರದ ನೀರಾ ಕಾಲುವೆಯ ಬಯಲಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ. ಆ ಸೀಮೆಯಲ್ಲಿಯೇ 1899ರ ಸುಮಾರಿಗೆ ಸರ್ ಎಂ.ವಿ. ‘ಬ್ಲಾಕ್ ಪದ್ಧತಿ’ಯ ನೀರಾವರಿಯನ್ನು ಜಾರಿಗೆ ತರಲು ಹೊರಟದ್ದು. ಕಾಲುವೆಯ ನೀರು ಕೆಲವರ ಕಬ್ಬಿಗೇ ಮೀಸಲಾಗದೆ ಹೆಚ್ಚು ಹಳ್ಳಿಗಳಿಗೆ ದೊರೆಯಲಿ ಎಂದು ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಒಂದು ಪಾಲಿನಲ್ಲಿ ಮಾತ್ರ ಕಬ್ಬಿನಂಥ ಬೆಳೆ, ಉಳಿದ ಪಾಲಿನಲ್ಲಿ ಕಡಿಮೆ ನೀರಿನ ಬೆಳೆ, ವರ್ಷದಿಂದ ವರ್ಷಕ್ಕೆ ಅದಲು ಬದಲು ಎಂಬ ಏರ್ಪಾಡು. ರೈತರು ಸಂಶಯಪಟ್ಟರು, ಪುಣೆಯ ಪತ್ರಿಕೆಗಳು ವಿರೋಧಿಸಿದವು. ಅವರು ರೈತರೊಡನೆ ಕುಳಿತು ವಿವರಿಸಬೇಕಾಯಿತು. ತಾನು ಸರಿ ಎಂಬ ನಂಬಿಕೆ ಇದ್ದರಷ್ಟೇ ಸಾಲದು, ಎದುರಿಗಿರುವವನು ಏಕೆ ಒಲ್ಲೆನೆನ್ನುತ್ತಾನೆ ಎಂಬುದೂ ತಿಳಿದಿರಬೇಕು.

ಸಕ್ಕರೆ ಕಾರ್ಖಾನೆಯಲ್ಲಿ ಈ ಮಾತು ಸೂಕ್ಷ್ಮವಾದದ್ದು. ಮಳೆಗಾಲ ಮುಗಿಯುತ್ತಿದ್ದಂತೆ ಕಬ್ಬು ನುರಿಸುವ ಹಂಗಾಮು ಶುರುವಾಗುತ್ತದೆ. ಎತ್ತಿನ ಗಾಡಿ, ಟ್ರ್ಯಾಕ್ಟರುಗಳು ತೂಕದ ಸೇತುವೆಯ ಮುಂದೆ ಸಾಲುಗಟ್ಟುತ್ತವೆ. ಕಡಿದ ಕಬ್ಬು ಗಂಟೆ ಗಂಟೆಗೂ ಒಣಗಿ ತೂಕ ಕಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಹೊಸ ಕಂಪ್ಯೂಟರ್ ವ್ಯವಸ್ಥೆ ಮುನಿಸಿಕೊಂಡರೆ ನಷ್ಟ ಸಲಹೆಗಾರನಿಗಲ್ಲ, ರಾತ್ರಿಯಿಡೀ ಗಾಡಿಯ ಕೆಳಗೆ ಮಲಗುವ ರೈತನಿಗೆ. ಆದ್ದರಿಂದ ನಾನು ಬರೆದೆ: “ಮೈಸೂರಿನ ಕೆಲಸ ಒಪ್ಪಿದರೂ ಸರಿ, ಬಿಟ್ಟರೂ ಸರಿ. ಆದರೆ ಬೇಸರದಿಂದ ಅರ್ಧಕ್ಕೆ ಎದ್ದು ಹೊರಡಬೇಡ. ತೂಕದ ಗುಮಾಸ್ತ ನಿನ್ನನ್ನು ಕೇಳದೆ ಚೀಟಿ ಕೊಡುವಂತಾದ ಮೇಲೆ ಹೊರಡು.”

ಹೇಗೆ ಎಂಬುದಕ್ಕೆ ನಮ್ಮ ಬಿ.ಎಡ್. ತರಬೇತಿಯ ಒಂದು ಪದ್ಧತಿಯನ್ನು ನೆನಪಿಸಿದೆ. ಅಭ್ಯಾಸ ಪಾಠದ ದಿನಗಳಲ್ಲಿ ನಮ್ಮ ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ಪಾಠ ಯೋಜನೆಯ ಪುಸ್ತಕ ಹಿಡಿದು ಕೂರುತ್ತಿದ್ದರು. ನಾವು ತಡವರಿಸಿದರೂ ಎದ್ದು ಬರುತ್ತಿರಲಿಲ್ಲ. ಗಂಟೆ ಬಾರಿಸಿದ ಮೇಲೆಯೇ ಮಾತು. ಮಧ್ಯೆ ಎದ್ದು ಬಂದರೆ ಮಕ್ಕಳು ಆ ಕ್ಷಣದಿಂದ ಅವರನ್ನೇ ಮೇಷ್ಟ್ರು ಎಂದು ತಿಳಿಯುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ನೀನೂ ಕೊನೆಯ ಕೆಲವು ದಿನ ಹಿಂದಿನ ಬೆಂಚಿಗೆ ಹೋಗಿ ಕೂರು ಎಂದೆ.

ಇನ್ನು ಉಳಿದದ್ದು ಮಗಳ ಎರಡು ವಾಕ್ಯಗಳ ಪ್ರಶ್ನೆ. ಇಲ್ಲಿ ಸರ್ ಎಂ.ವಿ. ನಮಗೆ ದಾರಿ ತೋರಿಸಲಾರರು ಎಂದು ನಾನು ಗೌರವದಿಂದಲೇ ಹೇಳುತ್ತೇನೆ. ಅವರ ಪುಸ್ತಕದ ಹೆಸರೇ ದುಡಿಮೆಯ ಬದುಕಿನ ನೆನಪುಗಳು. ಅದರಲ್ಲಿ ಮನೆಯ ಮಾತು ಹುಡುಕಿದರೆ ಸಿಗುವುದು ಬಹಳ ಕಡಿಮೆ. ಅವರಿಗೆ ಮಕ್ಕಳಿರಲಿಲ್ಲ, ಸಂಸಾರಸುಖ ಅವರ ಪಾಲಿಗೆ ಹೆಚ್ಚು ಬರಲಿಲ್ಲ. ತೊಂಬತ್ತು ದಾಟಿದ ಮೇಲೂ, 1952ರಲ್ಲಿ, ಬಿಹಾರದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ನಿರ್ಧರಿಸುವ ಸಮಿತಿಯ ಮುಖ್ಯಸ್ಥರಾಗಿ ಸ್ಥಳ ನೋಡಲು ಹೋದವರು ಅವರು. ಮೊಕಾಮೆಯ ಆ ಸೇತುವೆ 1959ರಲ್ಲಿ ಸಂಚಾರಕ್ಕೆ ತೆರೆಯಿತು. ಅಂಥ ಬದುಕಿಗೆ ಕೈಮುಗಿಯಬಹುದು, ಆದರೆ ಅದನ್ನು ಇಡಿಯಾಗಿ ಎತ್ತಿ ತಂದು ಹೆಂಡತಿ ಮಕ್ಕಳಿರುವ ಮನೆಯಲ್ಲಿ ಇಡಬಾರದು. ಅವರಿಂದ ಕಲಿಯಬೇಕಾದದ್ದು ದುಡಿಯುವ ರೀತಿ. ಬಾಳುವ ರೀತಿಯನ್ನು ಬೇರೆ ಕಡೆಯಿಂದ, ನಮ್ಮ ನಮ್ಮ ತಾಯಿತಂದೆಯರಿಂದ, ಕೆಲವೊಮ್ಮೆ ಮಕ್ಕಳಿಂದಲೇ ಕಲಿಯಬೇಕಾಗುತ್ತದೆ.

“ನಿನ್ನ ಮಗಳು ಎರಡೇ ವಾಕ್ಯ ಬರೆದದ್ದು ನಿನ್ನ ಮೇಲಿನ ದೂರಲ್ಲ, ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಒಂದು ಭೂಪಟ ತಂದು ಗೋಡೆಗೆ ಹಾಕು. ಪ್ರತಿ ವಾರ ಹೋದ ಊರಿನ ನದಿ ಯಾವುದು, ಬೆಳೆ ಯಾವುದು, ಅಲ್ಲಿ ಯಾರ ಕೆಲಸ ನಿನ್ನಿಂದ ಹಗುರವಾಯಿತು ಎಂದು ಹೇಳು. ಹೇಳಲು ಏನೂ ಇಲ್ಲದ ವಾರ ಬಂದರೆ ಆ ವಾರದ ಕೆಲಸದ ಬಗ್ಗೆಯೇ ಯೋಚಿಸು” ಎಂದು ಪತ್ರ ಮುಗಿಸಿದೆ.

ಡಿಸೆಂಬರಿನಲ್ಲಿ ಅವನ ದೂರವಾಣಿ ಬಂತು. ಕಾರ್ಖಾನೆಯ ಹಂಗಾಮು ಆರಂಭವಾಗಿ ಒಂದು ತಿಂಗಳು ಅವನು ಅಲ್ಲಿಯೇ ಉಳಿದಿದ್ದ. ಹಳೆಯ ಚೀಟಿಯಲ್ಲಿ ರೈತನ ಹಳ್ಳಿಯ ಹೆಸರು ಮೊದಲು, ರೈತನ ಸಂಖ್ಯೆ ಆಮೇಲೆ ಇರುತ್ತಿತ್ತಂತೆ. ಹೊಸದರಲ್ಲಿ ಅದು ತಿರುವುಮುರುವಾಗಿತ್ತು. ಗುಮಾಸ್ತರು ಕೇಳಿದ ಮೇಲೆ ಅದನ್ನು ಹಳೆಯಂತೆಯೇ ಮಾಡಿಸಿದನಂತೆ. ಅರ್ಧ ದಿನದ ಕೆಲಸ, ಸಾಲು ಬೇಗ ಕರಗತೊಡಗಿತು. ಕೊನೆಯ ಮೂರು ದಿನ ತೂಕದ ಕೋಣೆಯ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ. ಎರಡನೆಯ ದಿನ ಒಮ್ಮೆ ಕಂಪ್ಯೂಟರ್ ನಿಂತಿತು. ಅವನು ಏಳುವಷ್ಟರಲ್ಲಿ ಆ ಗುಮಾಸ್ತ ಕೈಬರಹದ ಚೀಟಿ ಕೊಟ್ಟು ಸಾಲು ನಿಲ್ಲದಂತೆ ನೋಡಿಕೊಂಡು, ಆಮೇಲೆ ಎಲ್ಲವನ್ನೂ ದಾಖಲಿಸಿದ. “ಹಿಂದಿರುಗಿ ನನ್ನ ಕಡೆ ನೋಡಲೇ ಇಲ್ಲ ಸರ್” ಎಂದು ಹೇಳುವಾಗ ಅವನ ದನಿಯಲ್ಲಿದ್ದ ಸಂತೋಷ ನನಗೆ ಕೇಳಿಸಿತು.

ಮೈಸೂರಿನ ಕೆಲಸವನ್ನು ಅವನು ಒಪ್ಪಿದ್ದಾನೆ. ಅವರು ಯುಗಾದಿಯವರೆಗೆ ಕಾಯಲು ಸಿದ್ಧರಾದರಂತೆ. ಬೇಸಿಗೆ ರಜೆಯಲ್ಲಿ ಮಗಳನ್ನು ಕರೆದುಕೊಂಡು ಹಳೆಯ ಊರುಗಳಲ್ಲಿ ಎರಡು ಮೂರಕ್ಕೆ ಹೋಗಿ ಬರುವ ಯೋಚನೆಯಿದೆ, ಮೊದಲು ಗಂಡಿಪೇಟೆಗೆ. ರಿಜಿಸ್ಟರ್ ತೆರೆದ ಆ ಕಾರ್ಖಾನೆಗೂ ಒಮ್ಮೆ ಹೋಗಿ ಉಗ್ರಾಣದವರ ಜೊತೆ ಚಹಾ ಕುಡಿದು ಬಾ ಎಂದಿದ್ದೇನೆ.

ನನ್ನ ಶಿಷ್ಯರಲ್ಲಿ, ಬಂಧುಗಳ ಮಕ್ಕಳಲ್ಲಿ ಹೀಗೆ ಊರೂರು ತಿರುಗುವವರು ಬೇಕಾದಷ್ಟು ಮಂದಿ ಇದ್ದೀರಿ. ನಿಮ್ಮ ಪೆಟ್ಟಿಗೆಗಳು ಹಗುರವಾಗಿರಲಿ. ಹೋದ ಊರಿನಲ್ಲಿ ನಿಮ್ಮ ಹೆಸರು ಉಳಿಯದಿದ್ದರೆ ಚಿಂತೆ ಬೇಡ. ಅಲ್ಲಿಯ ಒಬ್ಬನಿಗಾದರೂ ನಿಮ್ಮನ್ನು ಕೇಳದೆ ಕೆಲಸ ಮಾಡಲು ಬಂದರೆ ಆ ಪ್ರಯಾಣದ ಖರ್ಚು ಸಂದಿತೆಂದೇ ತಿಳಿಯಿರಿ.